ಅಕ್ಕನ ಮಾತ್ರೆ ತಂಗಿ ನುಂಗಿದಾಗ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಶನಿವಾರ ಸಂಜೆ ಅಂದರೆ ಕ್ಲಿನಿಕ್‌ಗೆ ಜಾಸ್ತಿ ಜನ. ಉಳಿದ ದಿನ ಎಲ್ಲರೂ ಲೋಕಲ್ ಟ್ರೈನ್‌ನಲ್ಲೇ ನಿಂತಿರುತ್ತಾರೆ. ಅಂಥ ಒಂದು ಶನಿವಾರ ಇಬ್ಬರು ಹುಡುಗಿಯರು ಒಂದೇ ಕ್ಯಾರಿಬ್ಯಾಗ್ ಹಿಡಿದುಕೊಂಡು ಬಂದರು. ಜೊತೆಗೆ ಇಬ್ಬರ ಅಮ್ಮಂದಿರು. ಅಮ್ಮಂದಿರು ಒಡಹುಟ್ಟಿದವರು, ಕುಂದಾಪುರದ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ ಕಳೆದಿದೆ. ಹಾಗಾಗಿ ಈ ಹುಡುಗಿಯರು ಅಕ್ಕತಂಗಿಯರು, ದೊಡ್ಡಮ್ಮನ ಮಗಳು ಮತ್ತು ಚಿಕ್ಕಮ್ಮನ ಮಗಳು. ಹೆಸರು ಬೇಡ, ಅಕ್ಕ, ತಂಗಿ ಅಂತಲೇ ಕರೆಯುತ್ತೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅಕ್ಕನಿಗೆ 29, ಮದುವೆಯಾಗಿ ಒಂದೂವರೆ ವರ್ಷ. ತಂಗಿಗೆ 24, ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ. ಅವತ್ತು ಬಂದಿದ್ದು ತಂಗಿಗಾಗಿ. ಹಿಂದಿನ ದಿನ ಥಾಣೆಯಲ್ಲಿ ಗಾಡಿ ಬದಲಿಸಲು ಬ್ರಿಡ್ಜ್ ಹತ್ತುವಾಗ ತಲೆ ಸುತ್ತಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳಂತೆ. ಯಾರೋ ನೀರು ಕೊಟ್ಟು ಬದಿಗೆ ಕೂರಿಸಿದರಂತೆ.

"ಎಂತ ಮಾಡುದು ಡಾಕ್ಟ್ರೇ, ಇವಳು ಊಟವೇ ಮಾಡುದಿಲ್ಲ" ಅಂದರು ಚಿಕ್ಕಮ್ಮ.

"ಅನ್ನ ಬಿಡು ಅಂತ ಹೇಳಿದ್ದೇ ನೀವಲ್ವಾ?" ಅಂದಳು ತಂಗಿ, ಅಮ್ಮನ ಕಡೆ ತಿರುಗಿ.

ಕ್ಯಾರಿಬ್ಯಾಗ್ ಬಿಚ್ಚಿದೆ. ಎರಡು ಸೋನೋಗ್ರಫಿ ರಿಪೋರ್ಟ್. ಬೇರೆ ಬೇರೆ ಸೆಂಟರ್, ಬೇರೆ ಬೇರೆ ತಿಂಗಳು. ಆದರೆ ಎರಡರ ಕೊನೆಯ ಸಾಲು ಒಂದೇ: ಎರಡೂ ಕಡೆ ಪಾಲಿಸಿಸ್ಟಿಕ್ ಓವರಿ, ಅಂದರೆ ಗುಳ್ಳೆ ಗುಳ್ಳೆ ಅಂಡಾಶಯ. ಅದರ ಕೆಳಗೆ ಒಂದು ಮಾತ್ರೆ ಚೀಟಿ. ಮಡಚಿ ಮಡಚಿ ಮಧ್ಯದಲ್ಲಿ ಹರಿದಿತ್ತು. ಅದರಲ್ಲಿ ಇದ್ದಿದ್ದು ಅಕ್ಕನ ಹೆಸರು. ಮೆಟ್‌ಫಾರ್ಮಿನ್ 500 (ಸಕ್ಕರೆ ಕಾಯಿಲೆಗೂ ಕೊಡುವ ಮಾತ್ರೆ), ದಿನಕ್ಕೆ ಎರಡು ಸಲ. ಜೊತೆಗೆ ಒಂದು ಡಯಟ್ ಕಾಗದ: ಅನ್ನ ಬೇಡ, ಸಕ್ಕರೆ ಬೇಡ, ಬಟಾಟೆ ಬೇಡ, ಬಾಳೆಹಣ್ಣು ಬೇಡ.

ನಡೆದಿದ್ದು ಇಷ್ಟು. ಅಕ್ಕ ಎರಡು ವಾರ ಮಾತ್ರೆ ತಿಂದಳು. ಹೊಟ್ಟೆ ಕೆಟ್ಟಿತು, ನಿಲ್ಲಿಸಿದಳು. ಉಳಿದ ಸ್ಟ್ರಿಪ್ ಫ್ರಿಜ್ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ತಂಗಿಯ ಸೋನೋಗ್ರಫಿ ಆಯಿತು. ಅದೇ ಸಾಲು, ಅದೇ ಪಿಸಿಓಡಿ (ಪಾಲಿಸಿಸ್ಟಿಕ್ ಓವರಿ ಕಾಯಿಲೆಗೆ ಜನ ಹೇಳುವ ಹೆಸರು). ಮತ್ತೆ ಡಾಕ್ಟರ್ ಫೀಸು ಯಾಕೆ ಅಂತ ಸ್ಟ್ರಿಪ್ ಚಿಕ್ಕಮ್ಮನ ಮನೆಗೆ ಬಂತು, ಡಯಟ್ ಕಾಗದವೂ ಬಂತು. ಮಾತ್ರೆ ಮುಗಿದಾಗ ಅದೇ ಚೀಟಿ ತೋರಿಸಿ ಮೆಡಿಕಲ್‌ನಿಂದ ಮತ್ತೆ ತಂದರು. ಹೀಗೆ ನಾಲ್ಕು ತಿಂಗಳು.

ಆ ನಾಲ್ಕು ತಿಂಗಳಲ್ಲಿ ತಂಗಿಯ ತೂಕ 53 ಕಿಲೋದಿಂದ 47ಕ್ಕೆ ಇಳಿದಿತ್ತು. ಎತ್ತರ 160 ಸೆಂಟಿಮೀಟರ್. ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 20.7 ಇದ್ದಿದ್ದು 18.4 ಆಗಿತ್ತು. ಮೊದಲು 45ರಿಂದ 60 ದಿನಕ್ಕೊಮ್ಮೆ ಆಗುತ್ತಿದ್ದ ಮುಟ್ಟು ಈಗ ಪೂರ್ತಿ ನಿಂತಿತ್ತು. ಐದನೇ ತಿಂಗಳು ನಡೆಯುತ್ತಿತ್ತು.

"ಇಬ್ಬರಿಗೂ ಒಂದೇ ಕಾಯಿಲೆ ಅಲ್ವಾ ಮೇಡಂ? ಹಾಗಾದರೆ ಮಾತ್ರೆಯೂ ಒಂದೇ ಅಂದುಕೊಂಡೆ" ಅಂದಳು ತಂಗಿ. ಬುದ್ಧಿ ಇಲ್ಲದ ಮಾತಲ್ಲ ಇದು. ಕೈಯಲ್ಲಿದ್ದ ಕಾಗದ ಹೇಳಿದ್ದೂ ಅದನ್ನೇ.

ತಪ್ಪು ಇರೋದು ಆ ಹೆಸರಿನಲ್ಲೇ. ಚಿಕ್ಕಮ್ಮ ಇದನ್ನು 'ನೀರುಗುಳ್ಳೆ' ಅನ್ನುತ್ತಾರೆ. ಸೋನೋಗ್ರಫಿ ಪರದೆಯಲ್ಲಿ ನೋಡಿದರೆ ಹಾಗೇ ಕಾಣುತ್ತದೆ ಬಿಡಿ, ಕಪ್ಪು ಕಪ್ಪು ಗುಳ್ಳೆಗಳು ಅಂಚಿನ ಸುತ್ತ ಸಾಲಾಗಿ ಕೂತಿರುತ್ತವೆ. ಆದರೆ ಅವು ಕಾಯಿಲೆಯ ಗುಳ್ಳೆಗಳಲ್ಲ. ಪ್ರತಿಯೊಂದರ ಒಳಗೂ ಒಂದು ಅಂಡಾಣು ಇದೆ. ಬೆಳೆಯಲು ಶುರುವಾಗಿ ಅರ್ಧದಲ್ಲೇ ನಿಂತ ಚೀಲಗಳು, ಎರಡರಿಂದ ಒಂಬತ್ತು ಮಿಲಿಮೀಟರ್ ಗಾತ್ರದವು. ಒಂದು ಬೆಳೆದು ಒಡೆದರೆ ಮುಟ್ಟು ಸರಿಯಾದ ಸಮಯಕ್ಕೆ ಬರುತ್ತದೆ. ಯಾವುದೂ ಒಡೆಯದಿದ್ದರೆ ಎಲ್ಲವೂ ಹಾಗೇ ಕೂತಿರುತ್ತವೆ. ಯಾಕೆ ನಿಂತವು ಅನ್ನೋದನ್ನು ಸೋನೋಗ್ರಫಿ ಹೇಳುವುದಿಲ್ಲ. ಅದು ಎಣಿಸುತ್ತದೆ, ಅಷ್ಟೇ.

1935ರಲ್ಲಿ ಷಿಕಾಗೋದ ಸ್ಟೀನ್ ಮತ್ತು ಲೆವೆಂಥಾಲ್ ಏಳು ಹೆಂಗಸರ ಬಗ್ಗೆ ಬರೆದಾಗ ಇದಕ್ಕೆ ಒಂದೇ ಚಿತ್ರ ಇತ್ತು. ಆಮೇಲೆ ಆ ಚಿತ್ರ ಒಡೆಯುತ್ತಾ ಬಂತು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೂರು ಲಕ್ಷಣ ಹೇಳಿ, ಯಾವುದಾದರೂ ಎರಡಿದ್ದರೆ ಪಿಸಿಓಎಸ್ (ಮನೆಮಾತಿನ ಪಿಸಿಓಡಿಗೆ ಡಾಕ್ಟರ್‌ಗಳು ಹೇಳುವ ಹೆಸರು) ಅಂದರು. ಒಂದು, ಮುಟ್ಟಿನ ಏರುಪೇರು, ಅಂದರೆ ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು. ಎರಡು, ಗಂಡು ಹಾರ್ಮೋನ್ ಹೆಚ್ಚಿರುವುದು, ಅದು ರಕ್ತದಲ್ಲಿ ಕಾಣಲಿ, ಮುಖದ ಕೂದಲಿನಲ್ಲಿ ಕಾಣಲಿ. ಮೂರು, ಸೋನೋಗ್ರಫಿಯಲ್ಲಿ ಗುಳ್ಳೆ ಗುಳ್ಳೆ ಅಂಡಾಶಯ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಅಡ್ರಿನಲ್ ಗ್ರಂಥಿಯ ತೊಂದರೆಗಳನ್ನು ಮೊದಲು ತಳ್ಳಿಹಾಕಬೇಕು ಅನ್ನೋದು ಷರತ್ತು. ಮೂರರಲ್ಲಿ ಎರಡು ಅಂದಕೂಡಲೇ ನಾಲ್ಕು ಗುಂಪು ತಾವಾಗಿಯೇ ಆಗುತ್ತವೆ. ಮೂರೂ ಇದ್ದರೆ 'ಎ'. ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಎರಡಿದ್ದು ಸೋನೋಗ್ರಫಿ ಸರಿ ಇದ್ದರೆ 'ಬಿ'. ಮುಟ್ಟು ಸಮಯಕ್ಕೆ ಸರಿಯಾಗಿ ಬರುತ್ತದೆ, ಆದರೆ ಗಂಡು ಹಾರ್ಮೋನ್ ಮತ್ತು ಗುಳ್ಳೆ ಇವೆ ಅಂದರೆ 'ಸಿ'. ಗಂಡು ಹಾರ್ಮೋನ್ ಸರಿಯಾಗಿದೆ, ಮುಟ್ಟು ತಡ, ಗುಳ್ಳೆ ಇವೆ ಅಂದರೆ 'ಡಿ'. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ, ರೋಗಿಗೆ ಪಿಸಿಓಎಸ್ ಅಂತ ಬರೆಯುವಾಗ ಯಾವ ಬಗೆ ಅನ್ನೋದನ್ನೂ ಬರೆಯಿರಿ ಅಂತ ಸಲಹೆ ಕೊಟ್ಟಿತು. ನಾನು ನೋಡುವ ಫೈಲುಗಳಲ್ಲಿ ಅದನ್ನು ಬರೆದವರು ತುಂಬಾ ಕಡಿಮೆ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಅವತ್ತು ಇಬ್ಬರ ಪೇಪರಿನ ಮೂಲೆಯಲ್ಲೂ ಪೆನ್ಸಿಲ್‌ನಲ್ಲಿ 'ಡಿ?' ಅಂತ ಬರೆದಿದ್ದೆ. ಅಕ್ಕನ ಹಳೆಯ ರಿಪೋರ್ಟ್‌ನಲ್ಲಿ ಟೆಸ್ಟೋಸ್ಟಿರೋನ್ ಅನ್ನುವ ಗಂಡು ಹಾರ್ಮೋನ್ 38 ನ್ಯಾನೋಗ್ರಾಂ ಇತ್ತು, ಪೂರ್ತಿ ನಾರ್ಮಲ್. ಮುಖವೂ ನುಣ್ಣಗಿತ್ತು. ದಪ್ಪಗಿದ್ದಾಳೆ, ಅಷ್ಟೇ ಅನ್ನಿಸಿತು. ತಂಗಿಯ ಬಿಪಿ ನೋಡಿ ತಿರುಗಿದಾಗ ಅಕ್ಕ ಕತ್ತೆತ್ತಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಟ್ಯೂಬ್‌ಲೈಟ್ ಬೆಳಕು ಸರಿಯಾಗಿ ಗಲ್ಲದ ಕೆಳಗೆ ಬಿತ್ತು. ಅಲ್ಲಿ ಸಾಲಾಗಿ ಸಣ್ಣ ಕೆಂಪು ಚುಕ್ಕೆಗಳು.

"ಪಾರ್ಲರ್‌ಗೆ ಯಾವಾಗ ಹೋಗಿದ್ದೆ?"

ಅವಳು ನಾಚಿಕೊಂಡಳು. "ನಿನ್ನೆ. ಡಾಕ್ಟ್ರ ಹತ್ರ ಹೋಗ್ಬೇಕಲ್ಲ ಅಂತ."

ನೋಡಿ, ಡಾಕ್ಟರ್ ನೋಡಲೇಬೇಕಾದ ಗುರುತನ್ನೇ ಡಾಕ್ಟರ್ ನೋಡುತ್ತಾರೆ ಅಂತ ದಾರದಲ್ಲಿ ಕಿತ್ತು ಬರುತ್ತಾರೆ. ಹತ್ತು ದಿನಕ್ಕೊಮ್ಮೆ ಗಲ್ಲ, ಮೇಲ್ದುಟಿ. ತಿಂಗಳಿಗೊಮ್ಮೆ ಹೊಟ್ಟೆ, ತೊಡೆ ವ್ಯಾಕ್ಸಿಂಗ್. ಹದಿನೆಂಟು ವಯಸ್ಸಿನಿಂದ. ಮೈಮೇಲಿನ ಒರಟು ಕೂದಲಿಗೆ ನಾವು ಅಂಕ ಕೊಡುತ್ತೇವೆ. ಒಂಬತ್ತು ಜಾಗ, ಪ್ರತಿ ಜಾಗಕ್ಕೆ ಸೊನ್ನೆಯಿಂದ ನಾಲ್ಕು. ಒಟ್ಟು ನಾಲ್ಕರಿಂದ ಆರು ದಾಟಿದರೆ ಹೆಚ್ಚು ಅಂತ ಲೆಕ್ಕ, ಜನಾಂಗ ನೋಡಿಕೊಂಡು. ಆದರೆ ನಿನ್ನೆ ತಾನೇ ಥ್ರೆಡಿಂಗ್ ಮಾಡಿಸಿದವಳಿಗೆ ಯಾವ ಅಂಕ ಕೊಡುವುದು? ಒಂದು ತಿಂಗಳು ಬಿಟ್ಟು ಬಾ ಅಂದರೆ ಯಾರೂ ಬರುವುದಿಲ್ಲ. ನಾನಾದರೂ ಬರುತ್ತಿರಲಿಲ್ಲ.

ಅಕ್ಕ ತಾನಾಗಿಯೇ ಮೊಬೈಲ್ ತೆಗೆದಳು. ತುಂಬಾ ಹಿಂದಕ್ಕೆ ಸರಿಸಿ ಒಂದು ಫೋಟೋ ತೋರಿಸಿದಳು. 2020ರ ಲಾಕ್‌ಡೌನ್, ಪಾರ್ಲರ್‌ಗಳೆಲ್ಲ ಮುಚ್ಚಿದ್ದ ತಿಂಗಳುಗಳು. ಹುಟ್ಟುಹಬ್ಬದ ಕೇಕ್ ಮುಂದೆ ಕೂತಿದ್ದಾಳೆ, ಗಲ್ಲಕ್ಕೆ ಕೈ ಅಡ್ಡ ಇಟ್ಟಿದ್ದಾಳೆ. ಕೈ ಬದಿಯಿಂದ ಕಾಣುವಷ್ಟು ಸಾಕಿತ್ತು. ಫೋಟೋ ಮತ್ತು ಅವಳು ಹೇಳಿದ್ದನ್ನು ಸೇರಿಸಿ ಲೆಕ್ಕ ಹಾಕಿದರೆ ಅಂಕ ಹನ್ನೊಂದರ ಹತ್ತಿರ ಹೋಯಿತು. ಪೆನ್ಸಿಲ್ ಗುರುತು ಅಳಿಸಿದೆ.

ಹಾಗಾದರೆ ಟೆಸ್ಟೋಸ್ಟಿರೋನ್ 38 ಯಾಕೆ ಬಂತು? ರಿಪೋರ್ಟ್ ತಾರೀಖು ನೋಡಿ ಕೇಳಿದೆ. ಆಗ ಅವಳು ಮುಟ್ಟು ಸರಿಪಡಿಸಲು ಕೊಟ್ಟ ಗರ್ಭನಿರೋಧಕ ಗುಳಿಗೆ ತಿನ್ನುತ್ತಿದ್ದಳು, ಎರಡು ಹಾರ್ಮೋನ್ ಇರುವಂಥದ್ದು. ಆ ಗುಳಿಗೆ ಅಂಡಾಶಯವನ್ನು ಮಲಗಿಸುತ್ತದೆ. ಗಂಡು ಹಾರ್ಮೋನ್ ತಾನಾಗಿ ಇಳಿಯುತ್ತದೆ. ಗುಳಿಗೆ ನಿಲ್ಲಿಸಿ ಮೂರು ತಿಂಗಳಾದ ಮೇಲೆಯೇ ಈ ಪರೀಕ್ಷೆಗೆ ಅರ್ಥ. ಆ ರಿಪೋರ್ಟ್ ನೋಡಿದ ಹಿಂದಿನ ಡಾಕ್ಟರ್ "ಹಾರ್ಮೋನ್ ಎಲ್ಲ ಸರಿ ಇದೆ, ಸುಮ್ನೆ ತೂಕ ಇಳಿಸಿ" ಅಂದಿದ್ದರಂತೆ. ಅವಳನ್ನು ಗುಳಿಗೆ ಬಗ್ಗೆ ಯಾರೂ ಕೇಳಿರಲಿಲ್ಲ. ಮಗು ಬೇಕು ಅಂತ ಅದನ್ನು ನಿಲ್ಲಿಸಿ ಈಗ ನಾಲ್ಕು ತಿಂಗಳಾಗಿತ್ತು. ಹೊಸದಾಗಿ ರಕ್ತ ಪರೀಕ್ಷೆಗೆ ಬರೆದುಕೊಟ್ಟೆ.

ಇನ್ನೊಂದು ಗುರುತು ಕುತ್ತಿಗೆಯ ಹಿಂದೆ ಇತ್ತು. ಜಡೆ ಎತ್ತಿದಾಗ ವೆಲ್ವೆಟ್ ಬಟ್ಟೆಯ ಹಾಗೆ ಕಪ್ಪಗೆ, ದಪ್ಪಗೆ ಇದ್ದ ಚರ್ಮ. "ಅದು ಚೈನಿನ ಕಲೆ" ಅಂದರು ದೊಡ್ಡಮ್ಮ. "ಕಡಲೆಹಿಟ್ಟು, ಲಿಂಬೆಹುಳಿ ಹಾಕಿ ಎಷ್ಟು ಉಜ್ಜಿದರೂ ಹೋಗುದಿಲ್ಲ ಮಾರಾಯ್ರೆ." ಹೋಗುವುದಿಲ್ಲ, ಯಾಕಂದರೆ ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ತುಂಬಿ ತುಳುಕುವಾಗ ಚರ್ಮ ಹೀಗೆ ದಪ್ಪವಾಗುತ್ತದೆ. ತಂಗಿಯ ಜಡೆ ಎತ್ತಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಎರಡು ವಾರದ ನಂತರ ರಿಪೋರ್ಟ್‌ಗಳು ಬಂದವು. ತಂಗಿಯ ವಿಷಯದಲ್ಲಿ ಒಂದು ಅದೃಷ್ಟ ಇತ್ತು. ಮಾತ್ರೆ ಶುರುಮಾಡುವ ಮೊದಲು ಅವಳ ಅಮ್ಮ ಪ್ಯಾಕೇಜ್ ಅಂತ ಒಂದಷ್ಟು ಹಾರ್ಮೋನ್ ಪರೀಕ್ಷೆ ಮಾಡಿಸಿಟ್ಟಿದ್ದರು. ಅದನ್ನು ಯಾರೂ ಓದಿರಲಿಲ್ಲ, ಆದರೆ ಎಸೆದೂ ಇರಲಿಲ್ಲ.

ಅಕ್ಕನ ಒಟ್ಟು ಟೆಸ್ಟೋಸ್ಟಿರೋನ್ ಈಗ 68. ತಂಗಿಯದು 28. ಎರಡೂವರೆ ಪಟ್ಟು ಹತ್ತಿರ. ಆದರೆ ಅಸಲಿ ವ್ಯತ್ಯಾಸ ಇಲ್ಲಿ ಕಾಣುವುದಿಲ್ಲ. ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟಿರೋನ್‌ನಲ್ಲಿ ಹೆಚ್ಚಿನದನ್ನು ಪ್ರೋಟೀನ್‌ಗಳು ಹಿಡಿದು ಕಟ್ಟಿಹಾಕಿರುತ್ತವೆ. ಅದರಲ್ಲಿ ಮುಖ್ಯವಾದದ್ದು ಎಸ್‌ಎಚ್‌ಬಿಜಿ, ತಯಾರಾಗೋದು ಯಕೃತ್ತಿನಲ್ಲಿ. ಬಿಡಿಯಾಗಿ ಉಳಿದ ಟೆಸ್ಟೋಸ್ಟಿರೋನ್ ಮಾತ್ರ ಕೂದಲು, ಮೊಡವೆ ಎಬ್ಬಿಸುತ್ತದೆ. ಅಕ್ಕನ ಎಸ್‌ಎಚ್‌ಬಿಜಿ 18, ತಂಗಿಯದು 62. ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಬಿಡಿ ಆಂಡ್ರೋಜೆನ್ (ಗಂಡು ಹಾರ್ಮೋನ್) ಸೂಚ್ಯಂಕ ಅಕ್ಕನಿಗೆ 13, ತಂಗಿಗೆ 1.6. ಎಂಟು ಪಟ್ಟು! ಒಟ್ಟು ಟೆಸ್ಟೋಸ್ಟಿರೋನ್ ಒಂದನ್ನೇ ನೋಡಿ "ಸ್ವಲ್ಪ ಜಾಸ್ತಿ ಇದೆ" ಅಂತ ಮುಗಿಸಿದ್ದರೆ ಇದು ತಪ್ಪಿಹೋಗುತ್ತಿತ್ತು.

ಅಕ್ಕನ ಎಸ್‌ಎಚ್‌ಬಿಜಿ ಅಷ್ಟು ಕೆಳಗೆ ಹೋಗಲು ಮುಖ್ಯ ಕಾರಣ ಇನ್ಸುಲಿನ್. ಈ ಕಾಯಿಲೆಯ ವಿಚಿತ್ರ ಇಲ್ಲೇ ಇದೆ. ಸ್ನಾಯುಗಳು ಇನ್ಸುಲಿನ್ ಮಾತು ಕೇಳುವುದಿಲ್ಲ, ಸಕ್ಕರೆ ಒಳಗೆ ಬಿಟ್ಟುಕೊಳ್ಳಲು ಮೊಂಡುತನ ಮಾಡುತ್ತವೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆದರೆ ಅಂಡಾಶಯ ಮೊಂಡುತನ ಮಾಡುವುದಿಲ್ಲ, ಅದು ಪ್ರತಿ ಮಾತನ್ನೂ ಕೇಳುತ್ತದೆ. ಅಲ್ಲಿನ ಥೀಕಾ ಕೋಶಗಳು ಇನ್ಸುಲಿನ್ ಹೆಚ್ಚಾದಷ್ಟು ಗಂಡು ಹಾರ್ಮೋನ್ ಹೆಚ್ಚು ಮಾಡುತ್ತವೆ. ಅತ್ತ ಯಕೃತ್ತು ಎಸ್‌ಎಚ್‌ಬಿಜಿ ಕಡಿಮೆ ಮಾಡುತ್ತದೆ. ಮಾಲು ಜಾಸ್ತಿ, ಕಟ್ಟಿಹಾಕುವ ಹಗ್ಗ ಕಡಿಮೆ.

ಅಕ್ಕನ ಖಾಲಿಹೊಟ್ಟೆಯ ಸಕ್ಕರೆ 97. ನಾರ್ಮಲ್. ಇದೊಂದನ್ನೇ ನೋಡಿದ್ದರೆ ಇಲ್ಲೂ ಮೋಸ ಹೋಗುತ್ತಿದ್ದೆವು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ತೆಗೆದ ರಕ್ತದಲ್ಲಿ 168 ಬಂತು. 140ರಿಂದ 199ರವರೆಗೆ ಅಂದರೆ ಮಧುಮೇಹದ ಹೊಸ್ತಿಲು. ಲ್ಯಾಬ್‌ನಲ್ಲಿ ಎರಡು ಗಂಟೆ ಕೂರಲು ಯಾರಿಗೂ ಇಷ್ಟವಿಲ್ಲ, ಅರ್ಧ ದಿನ ರಜೆ ಹೋಗುತ್ತದೆ. ಆದರೂ ಪಿಸಿಓಎಸ್ ಇದ್ದವರಿಗೆ ನಾನು ಇದನ್ನೇ ಬರೆಯುತ್ತೇನೆ. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 212, ಒಳ್ಳೆಯ ಕೊಲೆಸ್ಟ್ರಾಲ್ 36. ಸೊಂಟದ ಸುತ್ತಳತೆ 94 ಸೆಂಟಿಮೀಟರ್, ನಮ್ಮ ಹೆಂಗಸರಿಗೆ 80 ದಾಟಬಾರದು. ತೂಕ 72, ಬಿಎಂಐ 29.6. ಖಾಲಿಹೊಟ್ಟೆಯ ಇನ್ಸುಲಿನ್ ಸಹ ಯಾರೋ ಮೊದಲೇ ಮಾಡಿಸಿದ್ದರು, 21 ಇತ್ತು. ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಲ್ಯಾಬ್‌ನಿಂದ ಲ್ಯಾಬ್‌ಗೆ ಬದಲಾಗುತ್ತದೆ, ದುಡ್ಡೂ ದಂಡ. ಕುತ್ತಿಗೆ ಅದನ್ನು ಪುಕ್ಕಟೆ ಹೇಳಿತ್ತು.

ತಂಗಿಗೆ ಗ್ಲೂಕೋಸ್ ಕುಡಿಸಿದ್ದು ಅವಳು ಮೆಟ್‌ಫಾರ್ಮಿನ್ ಬಿಟ್ಟು ಆರು ವಾರವಾದ ಮೇಲೆ. 84, ಎರಡು ಗಂಟೆಗೆ 102. ಟ್ರೈಗ್ಲಿಸರೈಡ್ 78. ಅವಳಿಗೆ ಇನ್ಸುಲಿನ್ ತೊಂದರೆಯೇ ಕಾಣಲಿಲ್ಲ.

ಈಗ ಒಂದು ತಮಾಷೆ. ಪಿಸಿಓಎಸ್ ಅಂದರೆ ಎಲ್‌ಎಚ್ ಹಾರ್ಮೋನ್ ಏರಬೇಕು, ಎಫ್‌ಎಸ್‌ಎಚ್‌ಗಿಂತ ಎರಡು ಪಟ್ಟಾದರೂ ಇರಬೇಕು ಅಂತ ನಾವು ಓದುವಾಗ ಬಾಯಿಪಾಠ ಮಾಡಿದ್ದೆವು. ಎರಡೂ ಅಂಡಾಶಯಕ್ಕೆ ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನ್‌ಗಳು. ಕಾಯಿಲೆ ಜೋರಾಗಿರುವ ಅಕ್ಕನಲ್ಲಿ ಎಲ್‌ಎಚ್ 9.4, ಎಫ್‌ಎಸ್‌ಎಚ್ 5.8, ಅನುಪಾತ ಎರಡನ್ನು ಮುಟ್ಟಲೇ ಇಲ್ಲ. ತೆಳ್ಳಗಿದ್ದ ತಂಗಿಯ ಹಳೆಯ ರಿಪೋರ್ಟ್‌ನಲ್ಲಿ 11.8 ಮತ್ತು 5.2, ಎರಡು ದಾಟಿತ್ತು. ಆಶ್ಚರ್ಯ ಇಲ್ಲ. ಮೈತೂಕ ಹೆಚ್ಚಿದ್ದರೆ ಎಲ್‌ಎಚ್ ಏರಿಕೆ ತಗ್ಗುತ್ತದೆ, ತೆಳ್ಳಗಿನವರಲ್ಲೇ ಅದು ಎದ್ದು ಕಾಣುತ್ತದೆ. ಅದಕ್ಕೇ ಈ ಅನುಪಾತವನ್ನು ರೋಗ ಪತ್ತೆಯ ಲೆಕ್ಕದಲ್ಲಿ ಸೇರಿಸಿಲ್ಲ. ಎಎಂಎಚ್ ಅನ್ನುವ ಇನ್ನೊಂದು ಹಾರ್ಮೋನ್ ಇಬ್ಬರಿಗೂ ಹೆಚ್ಚು, ಅಕ್ಕನಿಗೆ 11.2, ತಂಗಿಗೆ 7.8. ನಿಂತುಹೋದ ಸಣ್ಣ ಚೀಲಗಳೇ ಅದನ್ನು ಸುರಿಸುವುದು, ಹಾಗಾಗಿ ಚೀಲ ಜಾಸ್ತಿ ಇದ್ದರೆ ಅದೂ ಜಾಸ್ತಿ. 'ಎ' ಬಗೆಯವರಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಮೇಲಿರುತ್ತದೆ. ದೊಡ್ಡವರಲ್ಲಿ ಸೋನೋಗ್ರಫಿ ಬದಲು ಇದನ್ನೇ ನೋಡಬಹುದು ಅಂತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪಿದೆ. ಹದಿಹರೆಯದವರಲ್ಲಿ ಎರಡೂ ಬೇಡ ಅಂದಿದೆ. ಹದಿನೈದು ವಯಸ್ಸಿನ ಮಗಳನ್ನು ಸೋನೋಗ್ರಫಿಗೆ ಎಳೆದುಕೊಂಡು ಹೋಗುವ ಅಮ್ಮಂದಿರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವವರಿಗೂ ಅಂಡಾಶಯ ಗುಳ್ಳೆಗುಳ್ಳೆಯಾಗಿಯೇ ಕಾಣಬಹುದು.

ಅಂತೂ ಅಕ್ಕ 'ಎ', ತಂಗಿ 'ಡಿ'. ಒಂದೇ ಅಜ್ಜಿಯ ಮೊಮ್ಮಕ್ಕಳು. ಆದರೆ ಅಕ್ಕನ ಅಪ್ಪನಿಗೆ 42ರಲ್ಲೇ ಸಕ್ಕರೆ ಕಾಯಿಲೆ ಬಂದಿದೆ, ತಂಗಿಯ ಅಪ್ಪನ ಕಡೆ ಯಾರಿಗೂ ಇಲ್ಲ.

'ಡಿ' ಅಂದರೆ ಅಪರೂಪದ್ದು ಅಂತ ಅಂದುಕೊಳ್ಳಬೇಡಿ. ನಮ್ಮ ಪರೇಲ್‌ನಲ್ಲೇ ಇರುವ ರಾಷ್ಟ್ರೀಯ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯವರು ಮುಂಬೈನ 15ರಿಂದ 24 ವಯಸ್ಸಿನ ಹುಡುಗಿಯರ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ್ದರು. ರಾಟರ್‌ಡ್ಯಾಮ್ ಲೆಕ್ಕದಲ್ಲಿ ನೂರಕ್ಕೆ 22.5 ಹುಡುಗಿಯರಿಗೆ ಪಿಸಿಓಎಸ್. ಗಂಡು ಹಾರ್ಮೋನ್ ಇದ್ದೇ ಇರಬೇಕು ಅನ್ನುವ 2006ರ ಇನ್ನೊಂದು ಲೆಕ್ಕದಲ್ಲಿ 10.7. ಲೆಕ್ಕ ಬದಲಾದರೆ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಿಯಿಂದ ಹೊರಗೆ! ಹಾಗೆ ಹೊರಗೆ ಹೋಗುವವರೇ 'ಡಿ' ಬಗೆಯವರು. ಆ ಅಧ್ಯಯನದಲ್ಲಿ ಪಿಸಿಓಎಸ್ ಇದ್ದವರ ಪೈಕಿ ನೂರಕ್ಕೆ 52.6 ಜನ ಇದೇ ಸೌಮ್ಯ ಬಗೆಯವರು. ನೂರಕ್ಕೆ 71.8 ಜನ ದಪ್ಪಗಿರಲಿಲ್ಲ. ಅಂದರೆ ನಮ್ಮ ಊರಿನ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಅಕ್ಕನಂಥವರಿಗಿಂತ ತಂಗಿಯಂಥವರೇ ಹೆಚ್ಚು ಇರಬಹುದು. ಆದರೆ ಕೈಗೆ ಸಿಗುವ ಡಯಟ್ ಕಾಗದಗಳೆಲ್ಲ ಅಕ್ಕನಂಥವರಿಗೆ ಬರೆದವು.

ತಂಗಿಯ ಕಡೆ ಬರೋಣ. ಮೊದಲು ಗರ್ಭ ಪರೀಕ್ಷೆ. ಅಮ್ಮಂದಿರ ಎದುರು ಕೇಳಲಾಗದ್ದು, ಅವರನ್ನು ಹೊರಗೆ ಕೂರಿಸಿ ಮಾಡಿಸಿದೆ. ಇಲ್ಲ ಅಂತ ಬಂತು. ಹೊಸ ರಕ್ತ ಪರೀಕ್ಷೆಯಲ್ಲಿ ಎಲ್‌ಎಚ್ 11.8 ಇದ್ದಿದ್ದು 1.6 ಆಗಿತ್ತು. ಈಸ್ಟ್ರೋಜೆನ್ 22, ತುಂಬಾ ಕೆಳಗೆ. ಗರ್ಭಕೋಶದ ಒಳಪದರ ಮೂರೂವರೆ ಮಿಲಿಮೀಟರ್. ಹತ್ತು ದಿನ ಪ್ರೊಜೆಸ್ಟಿರೋನ್ ಮಾತ್ರೆ ಕೊಟ್ಟೆವು. ಪದರ ಬೆಳೆದಿದ್ದರೆ ಮಾತ್ರೆ ನಿಲ್ಲಿಸಿದ ವಾರದೊಳಗೆ ಮುಟ್ಟಾಗಬೇಕಿತ್ತು. ಆಗಲಿಲ್ಲ. ಅಂದರೆ ಈಗ ಮುಟ್ಟು ನಿಂತಿರೋದು ಪಿಸಿಓಎಸ್‌ನಿಂದ ಅಲ್ಲ. ಊಟ ಕಡಿಮೆಯಾಗಿ, ತೂಕ ಇಳಿದು, ಮೆದುಳಿನ ಹೈಪೋಥಲಮಸ್ 'ಈಗ ಇದೆಲ್ಲ ಬೇಡ' ಅಂತ ಬಾಗಿಲು ಹಾಕಿಕೊಂಡಿತ್ತು.

ಗಮನಿಸಬೇಕಾದ ಮಾತು ಇದು. ಹೀಗೆ ಬಾಗಿಲು ಹಾಕಿಕೊಂಡಾಗಲೂ ಸೋನೋಗ್ರಫಿಯಲ್ಲಿ ಗುಳ್ಳೆಗಳು ಕಾಣಬಹುದು. ಮುಟ್ಟು ಇಲ್ಲ, ಗುಳ್ಳೆ ಇವೆ, ಗಂಡು ಹಾರ್ಮೋನ್ ಸರಿ ಇದೆ. ಕಾಗದದ ಮೇಲೆ ಇದು 'ಡಿ' ಬಗೆಯ ಹಾಗೇ ಕಾಣುತ್ತದೆ. ಆದರೆ ಮದ್ದು ತದ್ವಿರುದ್ಧ. ಒಬ್ಬಳಿಗೆ ತೂಕ ಕಾಪಾಡಿಕೋ ಅನ್ನಬೇಕು, ಇನ್ನೊಬ್ಬಳಿಗೆ ಊಟ ಮಾಡು ಅನ್ನಬೇಕು. ಎರಡನ್ನೂ ಬೇರೆ ಮಾಡಿ ತೋರಿಸಿದ್ದು ಆ ಓದದೇ ಇಟ್ಟಿದ್ದ ಹಳೆಯ ರಿಪೋರ್ಟ್. 53 ಕಿಲೋ ಇದ್ದಾಗ ಎಲ್‌ಎಚ್ ಮೇಲಿತ್ತು, 47ಕ್ಕೆ ಬಂದಾಗ ನೆಲಕ್ಕೆ ಬಿತ್ತು. ಮೊದಲ ಕಥೆ ಪಿಸಿಓಎಸ್, ಎರಡನೆಯದನ್ನು ನಾವೇ ಮನೆಯಲ್ಲಿ ಮಾಡಿಕೊಂಡಿದ್ದು.

ಮೆಟ್‌ಫಾರ್ಮಿನ್ ವಿಷ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಮಾತ್ರೆ, ತೆಳ್ಳಗಿನವರಿಗೂ ಕೆಲವೊಮ್ಮೆ ಬರೆಯುತ್ತೇವೆ. ಮುಟ್ಟು ನಿಲ್ಲಿಸಿದ್ದು ಅದಲ್ಲ. ಅದು ಹಸಿವು ತಗ್ಗಿಸಿತು, ಹೊಟ್ಟೆ ಸಡಿಲ ಮಾಡಿತು. ಉಳಿದಿದ್ದನ್ನು ಡಯಟ್ ಕಾಗದ ಮಾಡಿತು. ಬೆಳಿಗ್ಗೆ 7.40ರ ಲೋಕಲ್‌ಗೆ ಮೊದಲು ಬರೀ ಚಹಾ, ಮಧ್ಯಾಹ್ನ ಸೌತೆಕಾಯಿ ಮತ್ತು ಎರಡು ಮೊಟ್ಟೆ, ರಾತ್ರಿ ಒಂದು ಬಟ್ಟಲು ಸಾರು. ಇಷ್ಟರಲ್ಲಿ ಥಾಣೆ ಬ್ರಿಡ್ಜ್ ಹತ್ತುವುದು ಹೇಗೆ?

ಮಾತ್ರೆ ನಿಲ್ಲಿಸಿದೆ. ಅನ್ನ ವಾಪಸ್ ಬಂತು. ಚಿಕ್ಕಮ್ಮ ಮೊದಲು ಒಪ್ಪಲಿಲ್ಲ. "ಪಿಸಿಓಡಿಗೆ ಅನ್ನ ಆಗುದಿಲ್ಲ ಅಂತಾರಲ್ಲ?" ಅಂತ ಮೂರು ಸಲ ಕೇಳಿದರು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಬೆಳಿಗ್ಗೆ ಹೊರಡುವ ಮೊದಲು ನೀರುದೋಸೆ ಅಥವಾ ಉಪ್ಪಿಟ್ಟು, ಡಬ್ಬಿಯಲ್ಲಿ ಶೇಂಗಾ. ನಾಲ್ಕನೇ ತಿಂಗಳಲ್ಲಿ ತೂಕ 51.5 ಆಯಿತು, ಮುಟ್ಟೂ ಆಯಿತು. ಆಮೇಲೆ 52 ದಿನಕ್ಕೆ ಇನ್ನೊಂದು. ಅವಳ ಹಳೆಯ ಲೆಕ್ಕಕ್ಕೇ ಮರಳಿದಳು.

ಅಲ್ಲಿಗೆ ಮುಗಿಯಲಿಲ್ಲ, 'ಡಿ' ಅಂದರೆ ಏನೂ ಇಲ್ಲ ಅಂತಲ್ಲ. ಅಂಡಾಣು ಬಿಡುಗಡೆ ಆಗದ ತಿಂಗಳುಗಳಲ್ಲಿ ಗರ್ಭಕೋಶದ ಪದರ ಬೆಳೆಯುತ್ತಲೇ ಇರುತ್ತದೆ, ಉದುರುವುದಿಲ್ಲ. ಹಾಗೇ ವರ್ಷಗಟ್ಟಲೆ ಬಿಟ್ಟರೆ ಅದು ಕೆಟ್ಟು ಕ್ಯಾನ್ಸರ್ ಕಡೆ ತಿರುಗುವ ಅಪಾಯ ಹೆಚ್ಚುತ್ತದೆ. ಈ ವಿಷಯದಲ್ಲಿ ಮುಟ್ಟು ತಡವಾಗುವ 'ಎ', 'ಬಿ', 'ಡಿ' ಮೂವರೂ ಎಚ್ಚರವಾಗಿರಬೇಕು. ತೊಂಬತ್ತು ದಿನ ದಾಟಿದರೆ ಫೋನ್ ಮಾಡು, ಪ್ರೊಜೆಸ್ಟಿರೋನ್ ಕೊಟ್ಟು ಉದುರಿಸೋಣ ಅಂತ ತಂಗಿಗೆ ಹೇಳಿದ್ದೇನೆ. ಮೊಬೈಲ್‌ನಲ್ಲಿ ತಾರೀಖು ಬರೆದುಕೊಳ್ಳುತ್ತಾಳೆ. 'ಸಿ' ಬಗೆಯವರ ಪಾಡು ಬೇರೆ. ಮುಟ್ಟು ಸಮಯಕ್ಕೆ ಬರುತ್ತದೆ ಅಂತ ಯಾರೂ ಡಾಕ್ಟರ್ ಹತ್ತಿರ ಬರುವುದೇ ಇಲ್ಲ. ಅವರೆಲ್ಲ ಪಾರ್ಲರ್‌ನಲ್ಲಿ, ಚರ್ಮದ ಡಾಕ್ಟರ್ ಹತ್ತಿರ ಸಿಗುತ್ತಾರೆ.

ಅಕ್ಕನಿಗೆ ಮೆಟ್‌ಫಾರ್ಮಿನ್ ಮತ್ತೆ ಶುರುಮಾಡಿದೆ. ಮೊದಲ ಸಲ ಹೊಟ್ಟೆ ಕೆಟ್ಟಿದ್ದು ಒಮ್ಮೆಗೇ ಎರಡು ಹೊತ್ತು ಕೊಟ್ಟಿದ್ದರಿಂದ ಇರಬಹುದು. ಈ ಸಲ ನಿಧಾನವಾಗಿ ಬಿಡುವಂಥದ್ದು, ರಾತ್ರಿ ಊಟದ ಮಧ್ಯೆ ಒಂದು, ಎರಡು ವಾರ ಬಿಟ್ಟು ಇನ್ನೊಂದು. ತಡೆದುಕೊಂಡಿತು. ಅನ್ನ ಪೂರ್ತಿ ಬಿಡಿಸಲಿಲ್ಲ. ಮೂರು ಸೌಟಿನಿಂದ ಒಂದೂವರೆ ಸೌಟಿಗೆ ತಂದೆವು, ಮೊದಲು ಪಲ್ಯ, ಬೇಳೆ, ಮೀನು, ಆಮೇಲೆ ಅನ್ನ. ಗಂಡನೂ ಸೇರಿಕೊಂಡ, ಅದರಿಂದ ಕೆಲಸ ಸುಲಭವಾಯಿತು. ರಾತ್ರಿ ಊಟವಾದ ಮೇಲೆ ಇಬ್ಬರೂ ಅರ್ಧ ಗಂಟೆ ನಡೆಯುತ್ತಾರೆ. ಮುಖದ ಕೂದಲಿಗೆ ಗಂಡು ಹಾರ್ಮೋನ್ ತಡೆಯುವ ಮಾತ್ರೆ ಬೇಕು ಅಂತ ತುಂಬಾ ಕೇಳಿದಳು. ಕೊಡಲಿಲ್ಲ. ಮಗು ಬೇಕು ಅನ್ನುವಾಗ ಅದು ಬೇಡ. ಹೊಟ್ಟೆಯಲ್ಲಿ ಗಂಡು ಮಗು ಇದ್ದರೆ ಅದರ ಅಂಗಗಳ ಬೆಳವಣಿಗೆಗೆ ತೊಂದರೆ.

ಐದು ತಿಂಗಳಲ್ಲಿ ತೂಕ 72ರಿಂದ 67.5. ಕಡಿಮೆ ಅನ್ನಿಸಬಹುದು. ದೊಡ್ಡಮ್ಮನಿಗೂ ಹಾಗೇ ಅನ್ನಿಸಿತು. ಆದರೆ ಮೈತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಈ ಹಾರ್ಮೋನ್‌ಗಳು ಅಲುಗಾಡುತ್ತವೆ. ಎರಡು ಗಂಟೆಯ ಸಕ್ಕರೆ 168 ಇದ್ದಿದ್ದು 136ಕ್ಕೆ ಬಂತು. ಎಸ್‌ಎಚ್‌ಬಿಜಿ 18ರಿಂದ 27ಕ್ಕೆ ಏರಿತು. ಅಂಡಾಣು ಬೆಳೆಸಲು ಸ್ತ್ರೀರೋಗ ತಜ್ಞರು ಲೆಟ್ರೊಝೋಲ್ ಶುರುಮಾಡಿದರು. ಮೊದಲ ಸಲ ಕೆಲಸ ಮಾಡಲಿಲ್ಲ. ಎರಡನೇ ಸಲ ಪ್ರೊಜೆಸ್ಟಿರೋನ್ 12 ಬಂತು, ಅಂದರೆ ಅಂಡಾಣು ಬಿಡುಗಡೆಯಾಗಿದೆ. ಗರ್ಭ ಇನ್ನೂ ನಿಂತಿಲ್ಲ. ಈಗ ಮೂರನೇ ಸಲ.

ತಂಗಿ ಕಳೆದ ಸಲ ಬಂದಾಗ ಒಂದು ಪ್ರಶ್ನೆ ಕೇಳಿದಳು. "ಮೇಡಂ, ನಾನು ಮುಂದೆ ಅಕ್ಕನ ಬಗೆಗೆ ಹೋಗ್ತೀನಾ?" ಬಗೆ ಅನ್ನೋದು ಹಣೆಬರಹ ಅಲ್ಲ. ತೂಕ ಏರಿದರೆ, ವಯಸ್ಸು ಸರಿದರೆ ಕೆಲವರು ಒಂದರಿಂದ ಇನ್ನೊಂದಕ್ಕೆ ಜಾರುತ್ತಾರೆ. ಅಕ್ಕನೂ ತೂಕ ಇಳಿಸಿ ಮುಟ್ಟು ಸಮಯಕ್ಕೆ ಬಂದರೆ ಲೆಕ್ಕದಲ್ಲಿ 'ಸಿ' ಆಗಬಹುದು. ಹಾಗಾಗಿ ತಂಗಿಗೂ ಗ್ಲೂಕೋಸ್ ಪರೀಕ್ಷೆ ಇದ್ದೇ ಇದೆ, ಮೂರು ವರ್ಷದೊಳಗೆ ಇನ್ನೊಮ್ಮೆ, ತೂಕ ಏರಿದರೆ ಅದಕ್ಕೂ ಮೊದಲು.

ಸೋನೋಗ್ರಫಿ ಮಾತ್ರ ಬೇಡ ಅಂದೆ. ಚಿಕ್ಕಮ್ಮ ಪರ್ಸ್ ಮುಚ್ಚುತ್ತಾ ನನ್ನ ಮುಖ ನೋಡಿದರು.

"ಅಲ್ಲ ಡಾಕ್ಟ್ರೇ, ಆ ನೀರುಗುಳ್ಳೆ ಹೋಯ್ತೋ ಇಲ್ವೋ, ಒಂದು ಸಲ ನೋಡುದು ಬೇಡ್ವಾ?"